ಬೆಂಕಿ–ಅಡುಗೆಯ ಪುಟ್ಟ ಕಿಟ್: ಬಯಲಲ್ಲಿ ರಾತ್ರಿ ಉಳಿಯುವವರ ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬರೋ ಇಬ್ಬರೋ ಒಂದೆರಡು ರಾತ್ರಿ ಹೊರಗೆ ಉಳಿದು, ತಮ್ಮ ಕಾಫಿ–ಊಟ ತಾವೇ ಮಾಡಿಕೊಳ್ಳಲು ಬೇಕಾದ ಸಾಮಾನಿನ ಬಗ್ಗೆ ಈ ಪುಟ. ಎಲ್ಲವೂ ಒಂದೇ ಪಾತ್ರೆಯೊಳಗೆ ಮತ್ತು ಅದರ ಚೀಲದೊಳಗೆ ಕೂರಬೇಕು, ತೂಕ ಒಂದು ಕೆ.ಜಿ. ದಾಟಬಾರದು ಎಂಬ ಲೆಕ್ಕದಲ್ಲಿ ಉತ್ತರಗಳಿವೆ. ದಿನಸಿ ಮತ್ತು ನೀರಿನ ತೂಕ ಬೇರೆ.

ಇದು ಬೇಟೆಗೆ ಹೋಗುವವರ ಕಿಟ್ ಅಲ್ಲವೇ? ನಮ್ಮಲ್ಲಿ ಬೇಟೆಗೆ ಒಯ್ಯಬಹುದೇ?

ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಪರವಾನಗಿ ಪಡೆದು ಬೇಟೆಗೆ ಹೋಗುವವರು ಇಂಥ ಕಿಟ್ ಒಯ್ಯುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶೋಕಿಗಾಗಿ, ಮಾಂಸಕ್ಕಾಗಿ ಕಾಡುಪ್ರಾಣಿಯನ್ನು ಬೇಟೆಯಾಡುವುದು ಅಪರಾಧ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗೆ ಅಲ್ಲ. ಹಾಗಾಗಿ ಇಲ್ಲಿನ ಮಟ್ಟಿಗೆ ಇದು ತೋಟದಲ್ಲಿ, ಖಾಸಗಿ ಬಯಲಲ್ಲಿ, ಹಿಮಾಲಯದ ಚಾರಣದಲ್ಲಿ ಬಳಸುವ ಕಿಟ್. ಹೊರದೇಶದಲ್ಲಿ ಕಾನೂನುಬದ್ಧ ಬೇಟೆಗೆ ಹೋಗುವ ಕನ್ನಡಿಗರಿಗೆ ಕೆಳಗೆ ಬೇರೆ ಉತ್ತರವಿದೆ.

ಕಾಡಿನೊಳಗೆ ಬೆಂಕಿ ಹಾಕಬಹುದೇ?

ಹಾಕಬಾರದು. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಕಾನೂನು ಇನ್ನೂ ಬಿಗಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಕುದುರೆಮುಖ, ಕುಮಾರಪರ್ವತದಂಥ ಚಾರಣಕ್ಕೆ ಹೋಗುವವರು ಬೇಯಿಸಿದ ಬುತ್ತಿಯನ್ನೇ ಕಟ್ಟಿಕೊಂಡು ಹೋಗಲಿ. ಗ್ಯಾಸ್ ಒಲೆಯನ್ನೂ ಕೇಳದೆ ಹಚ್ಚಬಾರದು.

ಇದು ಬರೀ ನಿಯಮದ ಮಾತಲ್ಲ. ಜನವರಿಯಿಂದ ಮೊದಲ ಮುಂಗಾರುಪೂರ್ವ ಮಳೆ ಬೀಳುವವರೆಗೆ ಎಲೆಯುದುರುವ ಕಾಡಿನ ನೆಲದ ತುಂಬ ಒಣ ತರಗೆಲೆ ಇರುತ್ತದೆ, ಶೋಲಾ ಬೆಟ್ಟಗಳ ಹುಲ್ಲು ಗರಿಗರಿಯಾಗಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಬೆಂಕಿ ಹಾಕಲೇಬೇಕೆಂದರೆ ಜಾಗ ನಿಮ್ಮದಾಗಿರಬೇಕು, ಇಲ್ಲವೇ ಮಾಲೀಕರ ಒಪ್ಪಿಗೆ ಇರಬೇಕು. ಸುತ್ತ ಎರಡು ಮೀಟರ್ ತರಗು ಗುಡಿಸಿ ಮಣ್ಣು ಕಾಣಬೇಕು. ಪಕ್ಕದಲ್ಲಿ ತುಂಬಿದ ಕೊಡ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ರಾತ್ರಿಗೆ ಗ್ಯಾಸ್ ಒಲೆಯೇ ಸಾಕು.

ಕಿಟ್‌ನಲ್ಲಿ ಏನೇನಿರಬೇಕು?

- ಮುಚ್ಚಳವಿರುವ 900 ಮಿ.ಲೀ. ಸ್ಟೀಲ್ ಪಾತ್ರೆ (ಇಬ್ಬರಿದ್ದರೆ 1.3 ಲೀಟರ್)
- ಕ್ಯಾನಿನ ಮೇಲೆ ತಿರುಗಿಸಿ ಕೂರಿಸುವ ಒಲೆ, 75ರಿಂದ 100 ಗ್ರಾಂ
- 110 ಗ್ರಾಂ ಗ್ಯಾಸಿನ, ಒಲೆಯನ್ನು ತಿರುಗಿಸಿ ಕೂರಿಸುವ ಬಾಯಿಯ ಕ್ಯಾನು. ಡಬ್ಬಿ ಸೇರಿ ಸುಮಾರು 200 ಗ್ರಾಂ
- ಸಣ್ಣ ಇಕ್ಕಳ, ಉದ್ದ ಹಿಡಿಯ ಒಂದು ಚಮಚ
- ಎರಡು ಲೈಟರ್, ಒಂದು ಬೆಂಕಿಪೊಟ್ಟಣ, ಒಂದು ಫೆರೋ ರಾಡ್ (ಗೀಚಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ)
- ಬೆಂಕಿ ಹಿಡಿಸುವ ಹತ್ತಿಯುಂಡೆ ಎಂಟು, ಗಾಳಿಯಾಡದ ಡಬ್ಬಿಯಲ್ಲಿ
- ಮಡಚುವ ಗಾಳಿಮರೆ, ಪಾತ್ರೆ ಒರೆಸುವ ಬಟ್ಟೆ, ಅರ್ಧ ತುಂಡು ತೆಂಗಿನನಾರು
- ಹತ್ತು ಸೆಂ.ಮೀ. ಅಲಗಿನ ಚಾಕು
- ಉಪ್ಪು, ಸಕ್ಕರೆ, ಕಾಫಿಪುಡಿ ಪುಟ್ಟ ಡಬ್ಬಿಗಳಲ್ಲಿ

ಕ್ಯಾನು ಪಾತ್ರೆಯೊಳಗೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. 110 ಗ್ರಾಂ ಕ್ಯಾನಿನ ಅಗಲ ಸುಮಾರು 9 ಸೆಂ.ಮೀ., 230 ಗ್ರಾಂ ಕ್ಯಾನಿನದು 11 ಸೆಂ.ಮೀ. ಕ್ಯಾನನ್ನು ತಲೆಕೆಳಗಾಗಿ ಇಳಿಸಿ, ಬಟ್ಟೆಯಲ್ಲಿ ಸುತ್ತಿದ ಒಲೆಯನ್ನು ಪಕ್ಕಕ್ಕೆ ತುರುಕಿದರೆ ನಡೆಯುವಾಗ ಗಡಗಡ ಸದ್ದು ಬರುವುದಿಲ್ಲ. ಒಂದು ಲೈಟರ್ ಮಾತ್ರ ಕಿಟ್‌ನಲ್ಲಿರಲಿ, ಇನ್ನೊಂದು ಜೇಬಿನಲ್ಲಿ. ಬ್ಯಾಗು ತೊಯ್ದರೂ ಬೆಂಕಿ ಕೈಯಲ್ಲಿರುತ್ತದೆ.

ಗ್ಯಾಸ್, ಸ್ಪಿರಿಟ್, ಹೆಕ್ಸಮಿನ್ ಗುಳಿಗೆ, ಪುಳ್ಳೆ ಒಲೆ: ಯಾವುದು ಒಳ್ಳೆಯದು?

ಮೊದಲ ಸಲ ಕೊಳ್ಳುವವರಿಗೆ ಗ್ಯಾಸ್. ಬೇಕಾದಾಗ ಹಚ್ಚಬಹುದು, ಉರಿ ಸಣ್ಣ ಮಾಡಬಹುದು, ತಿರುಪು ತಿರುಗಿಸಿದ ಕ್ಷಣ ಆರುತ್ತದೆ.

ಕ್ಯಾನಿನಲ್ಲಿ ಎರಡು ಬಗೆ. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಉದ್ದನೆಯ 220 ಗ್ರಾಂ ಕ್ಯಾನು ಅಗ್ಗ, ಆದರೆ ಅದರಲ್ಲಿರುವುದು ಸಾಮಾನ್ಯವಾಗಿ ಬರೀ ಬ್ಯೂಟೇನ್. ಅಡಾಪ್ಟರ್ ಹಾಕಿ ಅದನ್ನು ಅಡ್ಡ ಮಲಗಿಸಿ ಬಳಸುವವರು ಬಾಯಿಯ ಕಂಠದಲ್ಲಿರುವ ಕಚ್ಚು ಮೇಲ್ಮುಖವಾಗಿದೆಯೇ ಎಂದು ನೋಡಲೇಬೇಕು. ಕಚ್ಚು ಕೆಳಗಾದರೆ ಆವಿಯ ಬದಲು ದ್ರವವೇ ಒಲೆಗೆ ಬಂದು ಜ್ವಾಲೆ ಮುಖದೆತ್ತರಕ್ಕೆ ಏಳುತ್ತದೆ. ಚಾರಣದ ಅಂಗಡಿಗಳ ಗಿಡ್ಡ ಕ್ಯಾನುಗಳ ಬಾಯಿಗೆ ಒಲೆಯನ್ನು ತಿರುಗಿಸಿ ಕೂರಿಸಬಹುದು, ಒಳಗೆ ಐಸೊಬ್ಯೂಟೇನ್–ಪ್ರೊಪೇನ್ ಮಿಶ್ರಣ. ಬೆಲೆ ಹೆಚ್ಚಾದರೂ ಚಳಿಗೆ ಇದೇ ಸರಿ.

ಸ್ಪಿರಿಟ್ ಒಲೆ ಹಗುರ, ಕೆಡುವಂಥ ಭಾಗ ಏನೂ ಇಲ್ಲ. ಅರ್ಧ ಲೀಟರ್ ನೀರಿಗೆ 15ರಿಂದ 20 ಮಿ.ಲೀ. ಡಿನೇಚರ್ಡ್ ಸ್ಪಿರಿಟ್ ಬೇಕು. ಆದರೆ ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಮತ್ತೆ ಸುರಿದರೆ ಬೆಂಕಿ ಬಾಟಲಿಗೇ ಹತ್ತುತ್ತದೆ, ಕೈ–ಮುಖ ಸುಡುವುದು ಹೀಗೆಯೇ. ಒಲೆಯನ್ನು ಬರಿಗೈಯಲ್ಲಿ ಎತ್ತುವಷ್ಟು ತಣ್ಣಗಾಗದೆ ಸ್ಪಿರಿಟ್ ಹಾಕಬೇಡಿ. ಒಳಗಿರುವ ಮೆಥನಾಲ್ ವಿಷ. ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಬೇಡಿ, ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ.

ಹೆಕ್ಸಮಿನ್ ಗುಳಿಗೆ, ಅಂದರೆ ಗಟ್ಟಿ ಇಂಧನದ ಬಿಲ್ಲೆ, ತುರ್ತಿಗೆ ಚೆನ್ನ. 14 ಗ್ರಾಂ ಗುಳಿಗೆ ಹನ್ನೆರಡು ನಿಮಿಷದಷ್ಟು ಉರಿಯುತ್ತದೆ, ಗಾಳಿ ಇಲ್ಲದಿದ್ದರೆ ಅರ್ಧ ಲೀಟರ್ ನೀರು ಕಾಯಿಸುತ್ತದೆ. ವಾಸನೆ ಕೆಟ್ಟದು, ಪಾತ್ರೆಯ ತಳದಲ್ಲಿ ಕಂದು ಅಂಟು ಉಳಿಯುತ್ತದೆ.

ತೂತು ಕೊರೆದ ಸ್ಟೀಲ್ ಡಬ್ಬಿಯ ಪುಳ್ಳೆ ಒಲೆಗೆ ಇಂಧನ ಹೊರುವ ಕೆಲಸವಿಲ್ಲ. ಆದರೆ ಎರಡು ನಿಮಿಷಕ್ಕೊಮ್ಮೆ ಪುಳ್ಳೆ ತುರುಕುತ್ತಿರಬೇಕು, ಕಿಡಿಯೂ ಹಾರುತ್ತದೆ. ಅದನ್ನು ಬಯಲ ಬೆಂಕಿಯಂತೆಯೇ ಕಾಯಬೇಕು.

ಎಷ್ಟು ಗ್ಯಾಸ್ ಬೇಕಾಗುತ್ತದೆ?

ದಿನಕ್ಕೆ ಎಷ್ಟು ನೀರು ಕುದಿಸುತ್ತೀರಿ ಎಂಬುದರಿಂದ ಲೆಕ್ಕ ಹಿಡಿಯಿರಿ. ಗಾಳಿಯಿಲ್ಲದ ಕಡೆ, ಮುಚ್ಚಳ ಹಾಕಿದರೆ, ಒಂದು ಲೀಟರ್ ನೀರು ಕುದಿಯಲು ಸುಮಾರು 12 ಗ್ರಾಂ ಗ್ಯಾಸ್ ಸಾಕು. 15 ಎಂದು ಇಟ್ಟುಕೊಳ್ಳಿ. ಇಬ್ಬರಿಗೆ ಬೆಳಗಿನ ಕಾಫಿಗೆ 400 ಮಿ.ಲೀ., ಉಪ್ಪಿಟ್ಟಿಗೆ 450, ಸಂಜೆಯ ಕಾಫಿಗೆ 400, ರಾತ್ರಿಯೂಟಕ್ಕೆ 700 ಎಂದರೆ ಹತ್ತಿರಹತ್ತಿರ ಎರಡು ಲೀಟರ್, ಅಂದರೆ ದಿನಕ್ಕೆ 30 ಗ್ರಾಂ. 110 ಗ್ರಾಂ ಕ್ಯಾನು ಎರಡು ರಾತ್ರಿಗೆ ಧಾರಾಳ. ಕುಡಿಯುವ ನೀರನ್ನೂ ಕುದಿಸುವುದಾದರೆ ಅಥವಾ ಅನ್ನ–ಬೇಳೆ ಬೇಯಿಸುವುದಾದರೆ ಈ ಲೆಕ್ಕ ಎರಡರಷ್ಟಾಗುತ್ತದೆ. ಆಗ 230 ಗ್ರಾಂ ಕ್ಯಾನು ಒಯ್ಯಿರಿ.

ಹೊಸ ಕ್ಯಾನನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಮಾರ್ಕರ್‌ನಿಂದ ಅದರ ಮೇಲೇ ತೂಕ ಬರೆದಿಡಿ. ಮುಂದಿನ ಸಲ ತೂಗಿದಾಗ ಎಷ್ಟು ಕಡಿಮೆಯಾಗಿದೆಯೋ ಅಷ್ಟು ಖರ್ಚಾಗಿದೆ. ಅಲ್ಲಾಡಿಸಿ ನೋಡಿ ಅಂದಾಜು ಮಾಡುವವರು ಬೆಟ್ಟದ ಮೇಲೆ ಕಾಫಿಯಿಲ್ಲದೆ ಕೂರುತ್ತಾರೆ.

ಮನೆಯಲ್ಲಿ ಐದು ನಿಮಿಷಕ್ಕೆ ಕುದಿದ ನೀರು ಅಲ್ಲಿ ಕಾಲು ಗಂಟೆಯಾದರೂ ಕುದಿಯುವುದಿಲ್ಲ, ಏಕೆ?

ಗಾಳಿ. ಬಿಸಿಗಾಳಿ ಪಾತ್ರೆಯ ತಳಕ್ಕೆ ತಗಲುವ ಮೊದಲೇ ಪಕ್ಕಕ್ಕೆ ಹೋಗುತ್ತದೆ, ಗ್ಯಾಸ್ ಎರಡು–ಮೂರು ಪಟ್ಟು ಖರ್ಚಾಗುತ್ತದೆ. ದೊಡ್ಡ ಕಲ್ಲು, ತೋಟದ ಕಟ್ಟೆ, ಬ್ಯಾಗು: ಯಾವುದರ ಮರೆಯಾದರೂ ಆಗುತ್ತದೆ, ಆದರೆ ಬ್ಯಾಗು ಒಂದು ಮಾರು ದೂರವಿರಲಿ. ತಗಡಿನ ಗಾಳಿಮರೆಯನ್ನು ಗಾಳಿ ಬರುವ ಕಡೆಗೆ ಅರ್ಧ ಸುತ್ತು ನಿಲ್ಲಿಸಿ. ಕ್ಯಾನಿನ ಮೇಲೆ ಕೂರುವ ಒಲೆಗೆ ಸುತ್ತಲೂ ಮರೆ ಕಟ್ಟಲೇಬಾರದು. ಶಾಖ ತಿರುಗಿ ಕ್ಯಾನಿಗೇ ಬಡಿದು ಒಳಗಿನ ಒತ್ತಡ ಏರುತ್ತದೆ. ಆಗಾಗ ಕ್ಯಾನು ಮುಟ್ಟಿ ನೋಡಿ: ತಣ್ಣಗಿರಬೇಕು, ಬೆಚ್ಚಗಾದರೂ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ತಕ್ಷಣ ಆರಿಸಿ.

ಚಳಿಯಲ್ಲಿ ಒಲೆ ಸೊರಗುತ್ತದಲ್ಲ?

ಬ್ಯೂಟೇನ್ ಆವಿಯಾಗುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ಐಸೊಬ್ಯೂಟೇನ್ ಮೈನಸ್ 11–12 ಡಿಗ್ರಿವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಆವಿಯಾಗುತ್ತದೆ. ಇದಲ್ಲದೆ ಗ್ಯಾಸ್ ಹೊರಬರುವಾಗ ಕ್ಯಾನು ತಾನೇ ತಣ್ಣಗಾಗುತ್ತದೆ, ಹಾಗಾಗಿ ಚಿಕ್ಕಮಗಳೂರಿನ ಡಿಸೆಂಬರ್ ಮುಂಜಾನೆಯಲ್ಲೂ ಬ್ಯೂಟೇನ್ ಕ್ಯಾನು ಕೊನೆಕೊನೆಗೆ ಮಂಕಾಗುವುದುಂಟು. ರಾತ್ರಿ ಕ್ಯಾನನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಬಳಸುವಾಗ ತಟ್ಟೆಯಲ್ಲಿ ಎರಡು ಬೆರಳು ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲಿ ನಿಲ್ಲಿಸಿ. ಬೆಂಕಿಯ ಹತ್ತಿರ ಇಟ್ಟು ಕಾಯಿಸುವುದು ಮಾತ್ರ ಬೇಡ.

ಎತ್ತರ ಏರಿದಂತೆ ಪ್ರತಿ 300 ಮೀಟರಿಗೆ ನೀರು ಸುಮಾರು ಒಂದು ಡಿಗ್ರಿ ಕಡಿಮೆಗೆ ಕುದಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಹತ್ತಿರ, ಹಿಮಾಲಯದಲ್ಲಿ 3,500 ಮೀಟರಿನಲ್ಲಿ 88ರ ಹತ್ತಿರ. ಅಲ್ಲಿ ತೊಗರಿಬೇಳೆ ಕುಕ್ಕರ್ ಇಲ್ಲದೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಇರುತ್ತದೆ.

ಲೈಟರ್ ಇರುವಾಗ ಫೆರೋ ರಾಡ್ ಏಕೆ? ಹತ್ತಿಯುಂಡೆ ಮಾಡುವುದು ಹೇಗೆ?

ಲೈಟರ್ ಮೊದಲ ಆಯ್ಕೆ. ಆದರೆ ಚಕ್ರ ತೊಯ್ದರೆ ಒಣಗುವವರೆಗೆ ಹೊತ್ತಿಕೊಳ್ಳುವುದಿಲ್ಲ, ಗುಂಡಿ ಒತ್ತುವ ಬಗೆಯದು ಎತ್ತರದಲ್ಲಿ ಕೈಕೊಡುತ್ತದೆ. ಬೆಂಕಿಕಡ್ಡಿ ಮಳೆಗಾಲದ ಶೀತಕ್ಕೇ ಮೆತ್ತಗಾಗುತ್ತದೆ; ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಕಡ್ಡಿಯ ಜೊತೆ ಪೊಟ್ಟಣದ ಗೀಚುವ ಪಟ್ಟಿಯನ್ನೂ ಕತ್ತರಿಸಿ ಹಾಕಿ, ಪಟ್ಟಿ ಇಲ್ಲದೆ ಆ ಕಡ್ಡಿ ಉಪಯೋಗಕ್ಕೆ ಬಾರದು. ಫೆರೋ ರಾಡ್ ನೀರಲ್ಲಿ ಮುಳುಗಿಸಿ ತೆಗೆದರೂ ಕಿಡಿ ಕೊಡುತ್ತದೆ. ಹೊಸದರ ಮೇಲಿನ ಕಪ್ಪು ಬಣ್ಣವನ್ನು ಮೊದಲು ಕೆರೆದು ತೆಗೆಯಿರಿ. ಗೀಚುವಾಗ ಚಾಕುವಿನ ಬೆನ್ನನ್ನು ಹತ್ತಿಯ ಪಕ್ಕ ಅಲುಗದಂತೆ ಹಿಡಿದು ರಾಡನ್ನು ಹಿಂದಕ್ಕೆ ಎಳೆಯಿರಿ. ಚಾಕುವನ್ನು ಮುಂದಕ್ಕೆ ತಳ್ಳಿದರೆ ಅದು ಜೋಡಿಸಿಟ್ಟ ಕಡ್ಡಿಗಳನ್ನೆಲ್ಲ ಕೆಡವುತ್ತದೆ.

ಹತ್ತಿಯುಂಡೆಗೆ ಔಷಧಿ ಅಂಗಡಿಯ ನಿಜವಾದ ಹತ್ತಿಯೇ ಬೇಕು, ಸಿಂಥೆಟಿಕ್ ಕರಗುತ್ತದೆ. ನೆಲ್ಲಿಕಾಯಿ ಗಾತ್ರದ ಉಂಡೆಯ ಹೊರಮೈಗೆ ಪೆಟ್ರೋಲಿಯಂ ಜೆಲ್ಲಿ ತಿಕ್ಕಿ, ನಡುಭಾಗ ಒಣಗಿಯೇ ಇರಲಿ. ಹಚ್ಚುವಾಗ ಹರಿದು ಒಳಗಿನ ಎಳೆ ಹೊರಗೆಳೆದರೆ ಕಿಡಿ ಹಿಡಿಯುತ್ತದೆ. ನಾಲ್ಕೈದು ನಿಮಿಷ ಉರಿಯುತ್ತದೆ. ಪೂರ್ತಿ ನೆನೆಸಿಬಿಟ್ಟರೆ ಕಿಡಿಗೆ ಹಿಡಿಯುವ ಎಳೆಯೇ ಉಳಿಯುವುದಿಲ್ಲ.

ನಮ್ಮ ಮನೆಗಳಲ್ಲಿರುವ ಕರ್ಪೂರ ಇದಕ್ಕೆ ಏನೂ ಕಡಿಮೆಯಿಲ್ಲ. ತೇವದ ಮೇಲೂ ಹತ್ತಿಕೊಳ್ಳುತ್ತದೆ. ಆದರೆ ತೆರೆದಿಟ್ಟರೆ ಹಾರಿಹೋಗುತ್ತದೆ, ದಿನಸಿಗೆಲ್ಲ ವಾಸನೆ ಹಿಡಿಸುತ್ತದೆ. ಬಿಗಿ ಡಬ್ಬಿಯಲ್ಲಿ, ಕಾಫಿಪುಡಿಯಿಂದ ದೂರ.

ಮಳೆಗಾಲದ ಮಲೆನಾಡಿನಲ್ಲಿ ಒದ್ದೆ ಸೌದೆಗೆ ಬೆಂಕಿ ಹಿಡಿಸುವುದು ಹೇಗೆ?

ಸೋಲುವವರು ಬಹುತೇಕ ಒಂದೇ ಕಡೆ ಸೋಲುತ್ತಾರೆ: ಸಣ್ಣ ಕಡ್ಡಿ ಸಾಕಷ್ಟು ಕೂಡಿಸದೆ ಬೆಂಕಿಕಡ್ಡಿ ಗೀರುತ್ತಾರೆ. ಹತ್ತಿ ಉರಿದು ಮುಗಿಯುವ ಹೊತ್ತಿಗೆ ಮುಂದಿನ ಕಡ್ಡಿ ಹುಡುಕಲು ಎದ್ದಿರುತ್ತಾರೆ.

ನೆಲದಲ್ಲಿ ಬಿದ್ದದ್ದನ್ನು ಬಿಡಿ, ಅದು ಸ್ಪಂಜಿನಂತೆ ನೀರು ಹೀರಿರುತ್ತದೆ. ನಿಂತಲ್ಲೇ ಒಣಗಿದ ರೆಂಬೆ, ಕಾಫಿ ಗಿಡ ಸವರುವಾಗ ಬಿದ್ದು ಕೊಂಬೆಗೆ ಸಿಕ್ಕಿಕೊಂಡ ಪುಳ್ಳೆ, ಸಿಲ್ವರ್ ಓಕಿನ ಒಣ ಕಡ್ಡಿ ಹುಡುಕಿ. ಮುರಿದಾಗ ಲಟಕ್ಕೆಂದರೆ ಒಣಗಿದೆ, ಬಾಗಿದರೆ ಇಲ್ಲ. ತೋಟದವರನ್ನು ಕೇಳಿದರೆ ಕೊಟ್ಟಿಗೆಯ ಅಟ್ಟದಿಂದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಒಣ ಸಿಪ್ಪೆ ಸಿಗುತ್ತದೆ. ಇವಕ್ಕಿಂತ ಒಳ್ಳೆಯ ಇಂಧನ ದುಡ್ಡು ಕೊಟ್ಟರೂ ಬಾರದು. ಒಂದೆರಡು ಚಿಪ್ಪು ಹಿಡಿದರೆ ಅರ್ಧ ಒದ್ದೆ ಸೌದೆಯೂ ಅದರ ಶಾಖಕ್ಕೆ ಒಣಗಿ ಹತ್ತುತ್ತದೆ.

1. ಮೂರು ಗುಡ್ಡೆ ಮಾಡಿ: ಊದುಬತ್ತಿ ದಪ್ಪದ್ದು ಎರಡು ಹಿಡಿ, ಪೆನ್ಸಿಲ್ ದಪ್ಪದ್ದು ಎರಡು ಹಿಡಿ, ಹೆಬ್ಬೆರಳು ದಪ್ಪದ್ದು ಒಂದು ತೋಳು.
2. ಮಣಿಕಟ್ಟಿನ ದಪ್ಪದ ಒಂದು ತುಂಡನ್ನು ಸೀಳಿ. ಹೊರಗೆ ನೀರಿಳಿಯುತ್ತಿದ್ದರೂ ತಿರುಳು ಒಣಗಿರುತ್ತದೆ. ಒಳಮೈಯಿಂದ ತೆಳುವಾಗಿ ಸುರುಳಿ ಎಬ್ಬಿಸಿ, ಕಡ್ಡಿಯಿಂದ ಬೇರ್ಪಡಿಸಬೇಡಿ.
3. ಒದ್ದೆ ನೆಲದ ಮೇಲೆ ನಾಲ್ಕೈದು ದಪ್ಪ ಕಡ್ಡಿ ಒತ್ತಾಗಿ ಜೋಡಿಸಿ, ಅದರ ಮೇಲೆ ಹತ್ತಿಯುಂಡೆ ಇಡಿ. ಹಸಿ ಮಣ್ಣಿಗೆ ತಗುಲಿದರೆ ಉರಿ ಅಲ್ಲೇ ಸಾಯುತ್ತದೆ.
4. ಗಾಳಿ ಬರುವ ಕಡೆ ಬೆನ್ನು ಮಾಡಿ ಹಚ್ಚಿ. ಸುರುಳಿ, ಆಮೇಲೆ ಸಣ್ಣ ಕಡ್ಡಿ, ಅದರ ಅರ್ಧ ಹತ್ತಿದ ಮೇಲೆ ಪೆನ್ಸಿಲ್ ದಪ್ಪದ್ದು.
5. ಉಳಿದ ಸೌದೆಯನ್ನು ಉರಿಯ ಸುತ್ತ ಒಣಗಲು ಇಡಿ.

ಹೊಗೆ ಏಳುತ್ತ ಉರಿ ಏಳದಿದ್ದರೆ ಗಾಳಿ ಸಾಲದು. ಊದುಗೊಳವೆ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಒಂದು ಗೇಣು ಸ್ಟೀಲ್ ನಳಿಗೆ ಕಿಟ್‌ನಲ್ಲಿದ್ದರೆ ಮುಖ ಬೆಂಕಿಗೆ ಒಡ್ಡಬೇಕಿಲ್ಲ. ಬುಡದ ಕೆಂಡಕ್ಕೆ ನಿಧಾನ ಊದಿ, ಉರಿಯ ತಲೆಗಲ್ಲ. ಪೆಟ್ರೋಲ್, ಸ್ಪಿರಿಟ್ ಎರಚಬೇಡಿ.

ಮುಟ್ಟಬಾರದ ಮರ, ಕಲ್ಲು ಯಾವುವು?

ಪಶ್ಚಿಮಘಟ್ಟದ ಹೊಲಗೇರು, ಕೆಲವೆಡೆ ಚೇರೆ ಎನ್ನುವ ಮರದ ರಸ ತಾಗಿದರೆ ಮೈ ಬೊಬ್ಬೆ ಏಳುತ್ತದೆ; ಅದನ್ನು ಕಡಿಯುವುದೂ ಬೇಡ, ಉರಿಸುವುದೂ ಬೇಡ. ಕಡಿದ ಜಾಗ ಕಪ್ಪಾಗಿರುವ ಮರ ಕಂಡರೆ ದೂರವಿರಿ. ಕಣಗಿಲೆ ವಿಷ: ಅದರ ಕಡ್ಡಿಯಲ್ಲಿ ಏನನ್ನೂ ಚುಚ್ಚಿ ಸುಡಬೇಡಿ, ಒಲೆಗೂ ಹಾಕಬೇಡಿ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುತ್ತದೆ. ಗುರುತು ಸಿಗದ ಮರವಾದರೆ ಊರಿನವರನ್ನು ಕೇಳಿ.

ಮೂರು ಕಲ್ಲಿನ ಒಲೆಗೆ ಹೊಳೆಯ ಕಲ್ಲು ಬೇಡ. ಬಿರುಕಿನಲ್ಲಿ ಕೂತ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಪಾತ್ರೆ ಯಾವುದು? ಮಸಿ ಹೋಗುವುದೇ ಇಲ್ಲವಲ್ಲ?

ಸೌದೆ ಮತ್ತು ಗ್ಯಾಸ್ ಎರಡಕ್ಕೂ ಬಳಸುವವರಿಗೆ ಸ್ಟೀಲ್. ಟೈಟಾನಿಯಂ ಹಗುರ, ಆದರೆ ಉರಿ ಬಿದ್ದ ಒಂದೇ ಕಡೆ ಕಾದು ರವೆ ತಳ ಹಿಡಿಯುತ್ತದೆ. ನೀರು ಕಾಯಿಸಲಷ್ಟೇ ಚೆನ್ನ. ಪ್ಲಾಸ್ಟಿಕ್ ಹಿಡಿ ಇರುವುದನ್ನು ಸೌದೆ ಒಲೆಗೆ ತರಬೇಡಿ.

ಮಸಿಗೆ ಅಜ್ಜಿಯರ ಉಪಾಯವೇ ಉಪಾಯ: ಒಲೆಗೆ ಇಡುವ ಮೊದಲು ಪಾತ್ರೆಯ ಹೊರಮೈಗೆ ಬೂದಿ ಕಲಸಿ ತೆಳುವಾಗಿ ಮೆತ್ತುವುದು. ಪಾತ್ರೆ ಸೋಪಾದರೂ ಆದೀತು. ಮಸಿ ಆ ಪದರದ ಮೇಲೆ ಕೂರುತ್ತದೆ, ತೊಳೆದರೆ ಅದರ ಜೊತೆಗೇ ಬಿಡುತ್ತದೆ.

ಏನು ಅಡುಗೆ ಮಾಡುವುದು?

ಕುದಿಯುವ ನೀರು ಹಾಕಿ ಮುಚ್ಚಿಟ್ಟರೆ ಆಗುವಂಥದ್ದು. ಉಪ್ಪಿಟ್ಟಿಗೆ ಒಬ್ಬರಿಗೆ 75 ಗ್ರಾಂ ರವೆಯನ್ನು ಮನೆಯಲ್ಲೇ ತುಪ್ಪದಲ್ಲಿ ಹುರಿದು, ಒಗ್ಗರಣೆ, ಒಣಮೆಣಸು, ಉಪ್ಪು ಬೆರೆಸಿ ಪೊಟ್ಟಣ ಕಟ್ಟಿ. ಅಲ್ಲಿ 225 ಮಿ.ಲೀ. ನೀರು ಕುದಿಸಿ, ರವೆ ಉದುರಿಸುತ್ತ ತಿರುವಿ, ಒಲೆ ಆರಿಸಿ ಐದು ನಿಮಿಷ ಮುಚ್ಚಿಡಿ. ಒಗ್ಗರಣೆಯ ಕರಿಬೇವು ಗರಿಗರಿಯಾಗುವಷ್ಟು ಹುರಿದಿರದಿದ್ದರೆ ಪೊಟ್ಟಣ ಮುಗ್ಗಲು ಹಿಡಿಯುತ್ತದೆ.

ಅನ್ನ ಬೇಕೆಂದರೆ ಅಕ್ಕಿ ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ಅಳತೆ ನೀರಿನಲ್ಲಿ ಐದಾರು ನಿಮಿಷ ಕುದಿಸಿ, ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ 25 ನಿಮಿಷ ಇಡಿ. ಗ್ಯಾಸ್ ಅರ್ಧ ಉಳಿಯುತ್ತದೆ. ಬೇಳೆಯಲ್ಲಿ ಎರಡು ಗಂಟೆ ನೆನೆದ ಹೆಸರುಬೇಳೆ ಮಾತ್ರ ಒಯ್ಯಲು ಯೋಗ್ಯ.

ಒಂದು ಹೊತ್ತಿನ ಊಟ ಬೆಂಕಿಯೇ ಬೇಡದ್ದಾಗಿರಲಿ: ಖಡಕ್ ರೊಟ್ಟಿ–ಶೇಂಗಾ ಚಟ್ನಿ, ಗೊಜ್ಜವಲಕ್ಕಿ, ಬೆಲ್ಲ ಬೆರೆಸಿದ ಹುರಿಹಿಟ್ಟು. ಮಳೆಯಲ್ಲಿ ಒಲೆ ಕೈಕೊಟ್ಟ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

ಕುಡಿಯುವ ನೀರು ಎಷ್ಟು ಹೊತ್ತು ಕುದಿಯಬೇಕು?

ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. 2,000 ಮೀಟರಿಗಿಂತ ಮೇಲೆ ಮೂರು ನಿಮಿಷ. ಕದಡಿದ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ. ತೋಟದ ಔಷಧಿ ಸೇರಿದ ಹಳ್ಳದ ನೀರು ಕುದಿಸಿದರೂ ಕುಡಿಯಲು ಬಾರದು.

ಮಳೆ ಬಂದರೆ ಟೆಂಟಿನೊಳಗೆ ಒಲೆ ಹಚ್ಚಬಹುದೇ?

ಬೇಡ. ಬಟ್ಟೆಗೆ ಬೆಂಕಿ ಹತ್ತುವುದು ಒಂದು ಭಯ, ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ದೊಡ್ಡದು: ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು, ತೂಕಡಿಕೆ, ಅಷ್ಟೇ. ಚಳಿ ಎಂದು ಇದ್ದಿಲ ಕೆಂಡವನ್ನು ಒಳಗಿಟ್ಟು ಮಲಗುವುದು ಸಾವನ್ನು ಕರೆದಂತೆ. ಮೂರು ಮೀಟರ್ ಟಾರ್ಪಾಲಿನ್ ಎತ್ತರಕ್ಕೆ ಕಟ್ಟಿ, ನಾಲ್ಕೂ ಕಡೆ ತೆರೆದಿಟ್ಟು ಅದರಡಿ ಅಡುಗೆ ಮಾಡಿ.

ಮನೆಯ ಸಿಲಿಂಡರ್‌ನಿಂದ ಪುಟ್ಟ ಕ್ಯಾನು ತುಂಬಿಸಬಹುದೇ?

ಖಂಡಿತ ಬೇಡ. ಅಡುಗೆ ಅನಿಲದಲ್ಲಿ ಪ್ರೊಪೇನ್ ಬೆರೆತಿರುತ್ತದೆ, ಅದರ ಒತ್ತಡ ತಡೆಯುವಂತೆ ಬ್ಯೂಟೇನಿನ ತೆಳು ಕ್ಯಾನು ಮಾಡಿರುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಒಡೆಯಬಹುದು.

ವಿಮಾನ, ರೈಲಿನಲ್ಲಿ ಒಯ್ಯುವುದು ಹೇಗೆ?

ಗ್ಯಾಸ್ ಕ್ಯಾನು, ಸ್ಪಿರಿಟ್, ಹೆಕ್ಸಮಿನ್ ವಿಮಾನದ ಯಾವ ಬ್ಯಾಗಿನಲ್ಲೂ ಹೋಗುವುದಿಲ್ಲ. ಭಾರತದ ವಿಮಾನ ನಿಲ್ದಾಣಗಳಲ್ಲಿ ಲೈಟರ್, ಬೆಂಕಿಪೊಟ್ಟಣವನ್ನೂ ತೆಗೆಸುತ್ತಾರೆ. ಖಾಲಿ ಒಲೆಯನ್ನು ತೊಳೆದು, ವಾಸನೆ ಇಲ್ಲದಂತೆ ಒಣಗಿಸಿ ಚೆಕ್-ಇನ್ ಬ್ಯಾಗಿಗೆ ಹಾಕಿ, ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ. ರೈಲಿನಲ್ಲಿ ಉರಿಯುವ ವಸ್ತು ಒಯ್ಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಶಿಕ್ಷಾರ್ಹ. ಇಂಧನವನ್ನು ಡೆಹ್ರಾಡೂನ್, ಮನಾಲಿಯಂಥ ಕಡೆ ತಲುಪಿದ ಮೇಲೆಯೇ ಕೊಳ್ಳಿ.

ಅಮೆರಿಕದಲ್ಲಿ ಪರವಾನಗಿಯೊಂದಿಗೆ ಬೇಟೆಗೆ ಹೋಗುವವರು ಏನು ಬದಲಿಸಿಕೊಳ್ಳಬೇಕು?

ಒಣ ಹಂಗಾಮಿನಲ್ಲಿ ರಾಷ್ಟ್ರೀಯ ಅರಣ್ಯಗಳಲ್ಲಿ ಬೆಂಕಿ ನಿರ್ಬಂಧ ಜಾರಿಯಾಗುತ್ತದೆ. ಸೌದೆ ಬೆಂಕಿ ನಿಷೇಧಿಸಿದಾಗಲೂ ತಿರುಪಿನಿಂದ ಆರಿಸಬಹುದಾದ ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಒಪ್ಪಿಗೆ ಇರುತ್ತದೆ, ತಿರುಪಿಲ್ಲದ ಸ್ಪಿರಿಟ್ ಒಲೆಗೆ ಇರುವುದಿಲ್ಲ. ಹೊರಡುವ ದಿನವೇ ಆ ಅರಣ್ಯದ ಕಚೇರಿಯ ಆದೇಶ ನೋಡಿ. ಜಿಂಕೆ ವಾಸನೆ ಹಿಡಿಯುವುದರಲ್ಲಿ ಚುರುಕು, ಆದ್ದರಿಂದ ಕಾಯುವ ಜಾಗದಲ್ಲಿ ಒಲೆ ಹಚ್ಚದೆ ಬಿಡಾರದಲ್ಲೇ ಅಡುಗೆ ಮುಗಿಸಿ. ಕರಡಿ ಓಡಾಡುವ ಕಡೆ ಅಡುಗೆಯ ಜಾಗ, ದಿನಸಿ, ಎಂಜಲು ಪಾತ್ರೆ ಟೆಂಟಿನಿಂದ 100 ಮೀಟರ್ ದೂರವಿರಲಿ. ತೀವ್ರ ಚಳಿಗೆ ದ್ರವ ಇಂಧನದ ಒಲೆಯೇ ನಂಬಿಕೆಯದು.

ಬೆಂಕಿ ಪೂರ್ತಿ ಆರಿದೆಯೆಂದು ತಿಳಿಯುವುದು ಹೇಗೆ?

ನೀರು ಸುರಿಯಿರಿ, ಕೋಲಿನಿಂದ ಕದಡಿ, ಮತ್ತೆ ಸುರಿಯಿರಿ. ಚುಯ್ ಎನ್ನುವ ಸದ್ದು ನಿಂತ ಮೇಲೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು, ಶಾಖ ತಾಗದಿದ್ದರೆ ಮುಟ್ಟಿ ನೋಡಿ. ಬಿಸಿ ಇದ್ದರೆ ಆರಿಲ್ಲ. ಮಣ್ಣು ಮುಚ್ಚಿ ಹೋಗುವುದು ದೊಡ್ಡ ತಪ್ಪು: ಕೆಂಡ ಒಳಗೇ ಉಳಿದು, ಒಣ ಬೇರು ಹಿಡಿದು, ಮರುದಿನ ಬೇರೆಲ್ಲೋ ಏಳುತ್ತದೆ.

ಮನೆಗೆ ಬಂದ ಮೇಲೆ?

ಒಲೆಯನ್ನು ಕ್ಯಾನಿನಿಂದ ಬಿಚ್ಚಿ. ಒಳಗಿನ ರಬ್ಬರ್ ಉಂಗುರ ಸೀಳಿದ್ದರೆ ಬದಲಿಸಿ. ಮುಂದಿನ ಸಲ ಕೈಯಿಂದಷ್ಟೇ ಬಿಗಿಮಾಡಿ, ಸೋಪು ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಿ. ಕ್ಯಾನಿಗೆ ಮುಚ್ಚಳ ಹಾಕಿ, ಒಲೆ, ಬಿಸಿಲು, ದೇವರ ದೀಪದಿಂದ ದೂರ, ಗಾಳಿಯಾಡುವ ಕಡೆ ಇಡಿ. ಪಾತ್ರೆ ಒಣಗದೆ ಚೀಲಕ್ಕೆ ಸೇರಿಸಬೇಡಿ. ಖರ್ಚಾದ ಹತ್ತಿಯುಂಡೆ, ಕಡ್ಡಿ ಅವತ್ತೇ ತುಂಬಿಸಿಡಿ.